ಮೂರನೆಯ ಕವಲು

ನಾನು ಕೊಂಬು ನೋಡುವವಳಲ್ಲ, ಹಲ್ಲು ನೋಡುವವಳು.
ಉತ್ತರ ಪೆನ್ಸಿಲ್ವೇನಿಯಾದ ಈ ತಗಡಿನ ಶೆಡ್ಡಿನಲ್ಲಿ
ಮೂವತ್ತೊಂದು ನವೆಂಬರುಗಳು
ಬೇರೆಯವರು ಹೊಡೆದ ಜಿಂಕೆ ಕೊಯ್ದು ಕಟ್ಟಿಕೊಟ್ಟಿದ್ದೇನೆ.
ದವಡೆ ಅಗಲಿಸಿ ಟಾರ್ಚು ಬಿಟ್ಟರೆ ಸಾಕು,
ಕೇಳದಿದ್ದರೂ ವಯಸ್ಸು ಹೇಳುತ್ತವೆ ಹಲ್ಲು.

ಮೊದಲೆಲ್ಲ ಬರುತ್ತಿದ್ದದ್ದು ಬರೀ ಪಡ್ಡೆಗಳು.
ಒಂದೂವರೆ ವರ್ಷ. ಹಾಲುಹಲ್ಲು ಇನ್ನೂ ಬಿದ್ದಿರದು.
ಹಣೆಯ ಮೇಲೆ ಪೆನ್ಸಿಲ್ ತುಂಡಿನಷ್ಟು ಗಂಡಸುತನ.
ಎರಡನೆಯ ಚಳಿಗಾಲ ಕಂಡ ಗಂಡು
ಬೆರಳಲ್ಲಿ ಎಣಿಸುವಷ್ಟು.

ಆಮೇಲೆ ಕಾನೂನು ಬಂತು:
ಒಂದು ಪಕ್ಕಕ್ಕೆ ಮೂರು ಕವಲಿರಬೇಕು.
ಅಂಗುಲಕ್ಕೆ ಗಿಡ್ಡವಾದದ್ದು ಕವಲಲ್ಲ, ಬರೀ ಗಂಟು.
ಎರಡು ಕೊಂಬು ಮೂಡಿದೆಯೆಂದು ಯಾರೂ ಮೆರೆಯುವಂತಿಲ್ಲ;
ಸಾಯುವುದಕ್ಕೂ ಎರಡು ಸಾಲದು.

ಅಗ್ನಿಶಾಮಕ ಠಾಣೆಯಲ್ಲಿ ಸಭೆ ಕರೆದಿದ್ದರು.
ಸ್ಟಾಶ್ ವೊಯ್ಟಾಸ್ಕಿ ಎದ್ದು ನಿಂತ:
'ಗಿರಣಿ ಕೊಡುವುದು ಮೂರೇ ದಿನದ ರಜೆ. ಮಂಜಿನಲ್ಲಿ ಜಿಂಕೆಗೆ
ಸ್ವಲ್ಪ ನಿಲ್ಲಪ್ಪ, ಎಣಿಸಿಕೊಳ್ಳುತ್ತೇನೆ ಅನ್ನಲೇ?'
ಎಲ್ಲ ನಕ್ಕರು. ನಗದವನು ನಮ್ಮಣ್ಣ ಆರ್ವಿಲ್.
ಮೇಜು ಗುದ್ದಿ ಹೇಳಿದ:
'ಎಣಿಸಲಾರದವನು ಬಂದೂಕು ಮನೆಯಲ್ಲಿಡಲಿ.'
ಕಾಫಿ ಲೋಟಗಳು ಕುಣಿದವು.
ಸ್ಟಾಶ್ ಮುಂದಿನ ವರ್ಷ ಬೇಟೆಮನೆ ಮಾರಿದ,
ಒಲೆ, ಮಂಚ, ಇಸ್ಪೀಟಿನ ಕಟ್ಟು ಸಮೇತ.

ಸುಳ್ಳೇಕೆ, ಹಲ್ಲು ಬದಲಾದವು.
ಮೂರೂವರೆ, ನಾಲ್ಕೂವರೆಯವು ಬಂದವು ನನ್ನ ಹಲಗೆಗೆ,
ಕತ್ತು ಕಂಬದಂತೆ,
ಕೊಂಬಿನ ಬುಡಕ್ಕೆ ತೊಗಟೆಯ ಬಣ್ಣ.
ಗೋಡೆಗಳಿಗೆ ತಲೆಗಳು ಏರಿದವು.
ಜೊತೆಗೆ ಇದೂ ಆಯಿತು:
ಏಪ್ರಿಲಿನಲ್ಲಿ ಹಿಮ ಕರಗಿದ ಮೇಲೆ ಹಳ್ಳದ ಪಕ್ಕ,
ಹೊಡೆದು, ಹತ್ತಿರ ಹೋಗಿ ಎಣಿಸಿ,
ಸದ್ದಿಲ್ಲದೆ ಬಿಟ್ಟು ಹೋದ ಎರಡು ಕವಲಿನವು.
ಕಾಗೆಗಳಿಗೆ ಕಾನೂನಿಲ್ಲ.
ಇನ್ನೊಂದು ಅನುಮಾನ, ಯಾರಿಗೂ ಹೇಳಿಲ್ಲ:
ಬೇಗ ಕವಲೊಡೆದವನು ಬೇಗ ಸಾಯುತ್ತಾನೆ,
ಮೊಂಡುಕೊಂಬಿನವನು ಮಕ್ಕಳ ತಂದೆಯಾಗುತ್ತಾನೆ.

ಹೋದ ಸೋಮವಾರ ರಾತ್ರಿ ಒಂಬತ್ತಕ್ಕೆ
ಆರ್ವಿಲ್‌ನ ಟ್ರಕ್ಕು ದೀಪ ಆರಿಸಿಕೊಂಡು ಹಿಂಬದಿಗೆ ಬಂತು.
ಟಾರ್ಪಾಲಿನ ಕೆಳಗೆ ಒಂದು ಗಂಡು.
ಎಡಕ್ಕೆ ಎರಡು. ಬಲಕ್ಕೆ ಎರಡು, ಮತ್ತೊಂದು ಮೊಳಕೆ.
ನನ್ನ ಹೆಬ್ಬೆರಳಿನ ಮೊದಲ ಗೆಣ್ಣು ಸರಿಯಾಗಿ ಒಂದಂಗುಲ;
ಇಟ್ಟು ನೋಡಿದೆ. ಉಗುರು ಹೊರಗುಳಿಯಿತು.
'ಮೂರಿತ್ತು' ಅಂದ. 'ಎಣಿಸಿದೆ, ಎರಡು ಸಲ.'
ಅವನ ಬಲಗಣ್ಣಿಗೆ ಪೊರೆ ಬಂದು ಎರಡು ವರ್ಷ,
ಅದು ಇಬ್ಬರಿಗೂ ಗೊತ್ತು.
ಮೂರನೆಯದು, ಹಿಂದಿದ್ದ ಬೀಚ್ ಮರದ ಕಡ್ಡಿ ಇರಬೇಕು.

'ಕೊಯ್ದುಬಿಡು ವರ್ನಾ' ಅನ್ನಲಿಲ್ಲ ಅವನು.
ಅಂದಿದ್ದರೆ ಏನು ಮಾಡುತ್ತಿದ್ದೆನೋ, ನನಗೂ ತಿಳಿಯದು.
ಕೈ ಒರೆಸಿಕೊಂಡು ಫೋನು ಅವನ ಕಡೆ ತಳ್ಳಿದೆ.
ನಂಬರು ಒತ್ತಲು ಮೂರು ಸಲ ತಪ್ಪಿದ.

ವಾರ್ಡನ್ ಬಂದಳು, ಇಪ್ಪತ್ತಾರರ ಹುಡುಗಿ.
'ಸರ್' ಅಂದಳು, ಚೀಟಿ ಬರೆದಳು,
ತಾನಾಗಿ ಹೇಳಿದ್ದಕ್ಕೆ ಸಣ್ಣ ದಂಡ.
ಜಿಂಕೆಯನ್ನು ಅವಳ ಗಾಡಿಗೆ ಎತ್ತುವಾಗ
ಆರ್ವಿಲ್ ಹಿಂಗಾಲು ಹಿಡಿದ,
ತೂಕ ನೋಡುವವನಂತೆ ಒಂದು ಕ್ಷಣ ತಡೆದ.

ಅವಳು ಬರುವ ಮೊದಲೇ ನಾನು ದವಡೆ ತೆರೆದು ನೋಡಿದ್ದೆ.
ಆರೂವರೆ ವರ್ಷ.
ಹಲ್ಲು ಸವೆದು ಹಳೆಯ ಮೆಟ್ಟಿಲಿನಂತೆ ಚಪ್ಪಟೆ.
ಈ ಹಲಗೆಗೆ ಬಂದ ಗಂಡುಗಳಲ್ಲೇ ಹಿರಿಯ,
ಐದು ನವೆಂಬರು ಯಾರ ಎಣಿಕೆಗೂ ಸಾಲದೆ ದಾಟಿದವನು.
ಅಣ್ಣನಿಗೆ ಹೇಳಲಿಲ್ಲ.

ಭಾನುವಾರ ಊಟಕ್ಕೆ ಬಂದ.
ಕೋಳಿ, ಬಟಾಣಿ. ಮಾತು ಕಡಿಮೆ.
ಒಮ್ಮೆ ಫೋರ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು
ಒಂದು ಕಣ್ಣು ಮುಚ್ಚಿ ನೋಡಿದ.
'ಎಷ್ಟು?' ಅಂದೆ.
ಬಟಾಣಿ ಚುಚ್ಚಿಕೊಂಡ, ಬಾಯಿಗಿಟ್ಟುಕೊಂಡ.
'ಉಪ್ಪು ಕೊಡು' ಅಂದ.