ಮಡಿಚಿಟ್ಟದ್ದು

ಸಾಯುವ ದಿನಕ್ಕೆ ರಜೆ ಈ ಊರಲ್ಲಿ,
ಏಳುವ ದಿನಕ್ಕೆ ಡ್ಯೂಟಿ.
ಶುಕ್ರವಾರ ಮನಾಮಾದ ಚರ್ಚಿನಲ್ಲಿ
ಮೂರು ತಾಸು ಬರಿಗಾಲಲ್ಲಿ ನಿಂತವನು
ಭಾನುವಾರ ನಸುಕಿನ ನಾಲ್ಕಕ್ಕೆ
ಆಸ್ಪತ್ರೆಯ ನೆಲಮಾಳಿಗೆಗೆ ಇಳಿಯುತ್ತೇನೆ.
ಸೂರ್ಯ ಇನ್ನೂ ಕೊಲ್ಲಿಯ ಆಚೆಗಿದ್ದಾನೆ.
ಕೆಳಗೆ ಎಂಟು ಯಂತ್ರ, ಉಗಿ, ಬ್ಲೀಚಿನ ಘಾಟು,
ಮತ್ತೆ ಮೊತಾಲೆಬ್.

ಹದಿನಾಲ್ಕು ವರ್ಷದಲ್ಲಿ ಕಲಿತದ್ದು ಇಷ್ಟು:
ರಕ್ತಕ್ಕೆ ಮೊದಲು ತಣ್ಣೀರು.
ಬಿಸಿ ತಾಗಿತೋ, ಕಲೆ ನೂಲಿನೊಳಗೆ ಮನೆ ಮಾಡಿತು.
ಹೆರಿಗೆಯದು ಬೇರೆ, ಗಾಯದ್ದು ಬೇರೆ ಅನ್ನುತ್ತಾರೆ ನರ್ಸುಗಳು;
ಯಂತ್ರದಲ್ಲಿ ಎರಡಕ್ಕೂ ಒಂದೇ ಸುತ್ತು.

ಅದಕ್ಕೇ ನನಗೆ ಅವನ ಕಥೆ
ಬಟ್ಟೆಗಳ ಕಥೆ. ಅಯ್ಯನವರು ಕ್ಷಮಿಸಲಿ.
ಗೋದಲಿಯಲ್ಲಿ ಸುತ್ತಿಟ್ಟ ಬಟ್ಟೆಯ ತುಂಡು,
ಯಾರದೋ ಊರು, ಯಾರದೋ ಕೊಟ್ಟಿಗೆ,
ಹೆಸರು ಬರೆಸಲು ಬಂದು ಜಾಗ ಸಿಗದ ಬಸುರಿ.
ಕಾಗದ, ಜಾಗ: ಈ ಎರಡು ನಮಗೂ ಗೊತ್ತು.

ಹನ್ನೆರಡು ವರ್ಷ ರಕ್ತ ನಿಲ್ಲದವಳು
ನೂಕುನುಗ್ಗಲಲ್ಲಿ ಮುಟ್ಟಿದ ಅಂಚು.
ಮೈಲಿಗೆ ಅನ್ನಲಿಲ್ಲ. ಮಗಳೇ ಅಂದ.
ಕೊನೆಯ ಊಟದ ರಾತ್ರಿ ಒಡೆಯನೇ
ಸೊಂಟಕ್ಕೆ ವಸ್ತ್ರ ಕಟ್ಟಿ, ಬೋಗುಣಿ ಹಿಡಿದು
ಮೀನುಗಾರರ ಹಿಮ್ಮಡಿ ಉಜ್ಜಿದ.
ನಮ್ಮ ಸೂಪರ್‌ವೈಸರನಿಗೆ ಒಮ್ಮೆ ಹೇಳಿ ನೋಡಬೇಕು.

ಬೆಟಗೇರಿಯ ಅಜ್ಜಿ, ಮಗ್ಗದ ಮುಂದೆ ಕೂತು ಕೂತು
ಕಣ್ಣು ಕಳಕೊಂಡವಳು, ಅಂಗಿಯ ಮಾತು ಬಂದರೆ
ಓದುತ್ತಿದ್ದ ನನ್ನನ್ನು ತಡೆಯುತ್ತಿದ್ದಳು:
"ಹೊಲಿಗಿ ಇಲ್ಲದ ಅಂಗಿ, ಮ್ಯಾಲಿಂದ ತಳದ ತನಕ ಒಂದ ನೇಯ್ಗಿ.
ಪ್ಯಾಟ್ಯಾಗ ಸಿಗೂದಲ್ಲೋ ಅದು. ಅವ್ವನ ನೇಯ್ದಿರಬೇಕು.
ಅದಕ್ಕ ಚೀಟಿ ಹಾಕ್ಯಾರ ನೋಡು,
ಆಕಿ ಅಲ್ಲೇ ನಿಂತಾಗ."
ಶಿಲುಬೆಗಿಂತ ಆ ಅಂಗಿಗೇ ಹೆಚ್ಚು ಅತ್ತಳು ಅಜ್ಜಿ.

ನಿನ್ನೆ ನಾಲ್ಕನೇ ವಾರ್ಡಿನಿಂದ ಒಂದು ಹಾಸು ಬಂತು.
ಸಿತ್ರಾದಲ್ಲಿ ಅಟ್ಟಣಿಗೆಯಿಂದ ಬಿದ್ದವನದು.
ಚೀಟಿಯಲ್ಲಿ ಹೆಸರಿನ ಬಾಲವಷ್ಟೇ ಉಳಿದಿತ್ತು: ಸೆಲ್ವಂ.
ಕಂಪನಿ, ಎಂಬಸಿ, ಟಿಕೇಟು, ಠಸ್ಸೆ,
ತಣ್ಣನೆ ಖಾನೆಯಲ್ಲಿ ಕಾಯುತ್ತಿದ್ದಾನೆ.
ಅವನು ಎದ್ದದ್ದು ಮೂರನೇ ದಿನ;
ಇವನು ಮನೆ ಸೇರಲು ಮೂರು ವಾರ.
ತಣ್ಣೀರು ಬಿಟ್ಟೆ. ಕೆಂಪಾಯಿತು, ಗುಲಾಬಿಯಾಯಿತು,
ಆಮೇಲೆ ನೀರಾಯಿತು.

ಮೊತಾಲೆಬ್ ಹೇಳುತ್ತಾನೆ: ಈಸಾ ನಬಿ ಸಾಯಲೇ ಇಲ್ಲ,
ಅಲ್ಲಾಹ್ ಎತ್ತಿಕೊಂಡ. ಅಂಥವನನ್ನು ಸಾಯಲು ಬಿಡುತ್ತಾನೆಯೇ?
ಪ್ರೀತಿಯಿಂದಲೇ ಹೇಳುತ್ತಾನೆ.
ಇಲ್ಲ ಭಾಯಿ, ಸತ್ತ, ನಿಜಕ್ಕೂ ಸತ್ತ, ಅನ್ನುತ್ತೇನೆ.
ಪಕ್ಕೆಗೆ ಇರಿದರು. ರಕ್ತವೂ ಬಂತು, ನೀರೂ ಬಂತು.
ಸಾಯದೇ ಇದ್ದಿದ್ದರೆ
ನಿನ್ನೆಯ ಆ ಹಾಸಿನೊಳಗೆ
ಸೆಲ್ವಂ ಜೊತೆ ಯಾರಿದ್ದರು ಹೇಳು?
ಮೊತಾಲೆಬ್ ಸೋಪಿನ ಪುಡಿ ಅಳೆಯುತ್ತಾನೆ.

ಆದರೆ ಭಾನುವಾರ,
ಉರುಳಿದ ಕಲ್ಲಲ್ಲ, ಬಿಳಿಯುಟ್ಟ ದೂತರಲ್ಲ,
ನನ್ನನ್ನು ಹಿಡಿದು ನಿಲ್ಲಿಸುವುದು ಒಂದು ಸಣ್ಣ ಮಾತು:
ಪೇತ್ರ ಸಮಾಧಿಯ ಒಳಹೊಕ್ಕಾಗ
ತಲೆಗೆ ಸುತ್ತಿದ್ದ ವಸ್ತ್ರ
ಬೇರೆ ಕಡೆ ಮಡಿಚಿ ಇಟ್ಟಿತ್ತು.
ಕಳ್ಳರು ಮಡಿಚುವುದಿಲ್ಲ.
ಓಡಿಹೋಗುವವರು ಮಡಿಚುವುದಿಲ್ಲ.
ಸಾವಿನಿಂದ ಎದ್ದವನಿಗೆ ಅವಸರವೇ ಇರಲಿಲ್ಲ;
ಮೊಳೆ ತೂರಿದ ಕೈಯಲ್ಲಿ ಮೂಲೆಗೆ ಮೂಲೆ ಕೂಡಿಸಿ
ಲೋಕಕ್ಕೆ ಕಾಣಿಸಿಕೊಳ್ಳುವ ಮೊದಲು
ತನ್ನ ಹಾಸಿಗೆ ತಾನೇ ಎತ್ತಿದ.
ಗಾಯ ಮಾತ್ರ ಅಳಿಸಿಕೊಳ್ಳಲಿಲ್ಲ, ಇಟ್ಟುಕೊಂಡ,
ತೋಮನಂಥ, ನನ್ನಂಥ, ಮುಟ್ಟಿ ನೋಡುವವರಿಗೆ.

ಮರಿಯಳು ಅವನನ್ನು ತೋಟದವನು ಅಂದುಕೊಂಡಳಂತೆ.
ಸರಿಯೇ. ಆ ಹೊತ್ತಿಗೆ ಎದ್ದಿರುವವರು ಕೆಲಸದವರೇ.

ಡ್ರೈಯರ್ ನಿಂತಿತು. ಹಾಸಿನ ಎರಡು ಮೂಲೆ ನನಗೆ,
ಎರಡು ಮೊತಾಲೆಬನಿಗೆ. ಬಿಗಿಯಾಗಿ ಎಳೆದು, ಝಾಡಿಸಿ,
ಒಬ್ಬರತ್ತ ಒಬ್ಬರು ನಡೆಯುತ್ತೇವೆ.
ಬೆರಳಿಗೆ ಬೆರಳು ತಾಗಿ ಬಟ್ಟೆ ಕೈ ಬದಲಾಗುತ್ತದೆ.
ಇವತ್ತು ನಿನ್ನ ಈದ್ ಅಲ್ಲವೇ, ಅನ್ನುತ್ತಾನೆ.
ಹೌದು ಅನ್ನುತ್ತೇನೆ.

ಬಿಸಿ ಹಾಸುಗಳ ಗಾಡಿ ತಳ್ಳಿಕೊಂಡು ಮೇಲೆ ಹೋಗುತ್ತೇನೆ.
ನಾಲ್ಕನೇ ವಾರ್ಡು. ಕಿಟಕಿ ಬದಿಯ ಮಂಚ ಖಾಲಿ.
ಹಾಸುವುದು ನನ್ನ ಕೆಲಸವಲ್ಲ.
ಹಾಸುತ್ತೇನೆ.