ಹಾಲಿನಪುಡಿ ಡಬ್ಬಿ

ಶಿಡ್ಲಘಟ್ಟದಲ್ಲಿ ಕರೆಂಟು ಹೋದ ಮೂರನೇ ನಿಮಿಷಕ್ಕೆ
ಖಮರುನ್ನೀಸಮ್ಮನ ಬಿಚ್ಚಾಣಿಕೆ ಷೆಡ್ಡಿನ ಹಿಂದೆ
ಜನರೇಟರು ಕೆಮ್ಮಿ ಎದ್ದಿತು.
ಬೇಸಿನ್ನಿನ ಬಿಸಿನೀರಲ್ಲಿ ಗೂಡುಗಳು ಮತ್ತೆ ಕುಣಿದವು,
ರಾಟೆಗಳು ತಿರುಗಿದವು.
ಸರಿಯೇ. ಆದರೆ ಕಿಟಕಿ ಪಕ್ಕ ತೂಗುಹಾಕಿದ ಲಡಿಗಳ ಮೇಲೆ
ಸಾಸಿವೆಗಿಂತ ಸಣ್ಣ ಕಂದು ಚುಕ್ಕೆ.
ವ್ಯಾಪಾರಿ ಉಗುರಲ್ಲಿ ಕೆರೆದು ನೋಡಿ
ಕಿಲೋಗೆ ಇನ್ನೂರು ಇಳಿಸಿ ಹೋದನಂತೆ.

"ಗಂಗುಲಪ್ಪಾ, ಹೊಗೆಕೊಳವೆ ಎತ್ತರ ಮಾಡು" ಅಂದರು.
ಹೊಗೆಕೊಳವೆ ಅಲ್ಲಮ್ಮಾ, ಅದು ಆಗಲೇ ಸೂರು ದಾಟಿದೆ.
ಇಲ್ಲಿ ನೋಡಿ, ಟ್ಯಾಪೆಟ್ ಕವರಿನ ಪಕ್ಕ
ಬೆರಳು ದಪ್ಪದ ಈ ಬಾಯಿ. ಇದು ಬ್ರೀದರು.
ರಿಂಗು ಸವೆದಿದೆ. ಮೇಲೆ ಉರಿದ ಗಾಳಿ
ಪಿಸ್ಟನ್ನಿನ ಪಕ್ಕದಿಂದ ಕೆಳಗೆ ನುಸುಳಿ,
ಕ್ರ್ಯಾಂಕು ಕಡೆಯೋ ಎಣ್ಣೆಯ ತುಂತುರು ಹೊತ್ತುಕೊಂಡು
ಇಲ್ಲಿಂದ ಹೊರಕ್ಕೆ.
ನಾವಿದಕ್ಕೆ ಬ್ಯಾಕ್ ಕಂಪ್ರೆಷನ್ ಅಂತೀವಿ.
ಬೋರ್ ಮಾಡಿಸಿ ಹೊಸ ರಿಂಗು ಹಾಕಿದರೆ ನಿಲ್ಲುತ್ತೆ.
"ಎಷ್ಟಾಗುತ್ತೆ?"
ಹೇಳಿದೆ.
"ರಂಜಾನ್ ಕಳೀಲಿ."

ಮುಚ್ಚಿಬಿಡು ಅಂದ ಅವರ ತಮ್ಮ ಮಕ್ಬೂಲ್,
ಜೋಳದ ಬೆಂಡು ಕೆತ್ತಿ ಹಿಡಿದೇ ನಿಂತಿದ್ದ.
ಮುಚ್ಚಿದರೆ ಹೊಟ್ಟೆ ಉಬ್ಬಿ ಸೀಲು ಒಡೆಯುತ್ತೆ ಕಣಯ್ಯಾ.
ಉಸಿರು ಬಿಡಲಿ. ಎಣ್ಣೆ ಬಿಡಬಾರದು, ಅಷ್ಟೆ.

ಗುಜರಿಯಿಂದ ಹಾಲಿನಪುಡಿ ಡಬ್ಬಿ ತಂದೆ.
ಎರಡು ನಳಿಕೆ ಬೆಸುಗೆ, ಒಳಗೆ ಅಡ್ಡ ಮೂರು ತಗಡು,
ಕೋಟೆಬಾಗಿಲ ಹಾದಿಯ ಹಾಗೆ ಸೊಟ್ಟಸೊಟ್ಟ.
ದಪ್ಪ ಹನಿಗೆ ಅಷ್ಟು ಸಾಕು:
ಗಾಳಿ ತಿರುಗಿದ ಕಡೆ ಅದು ತಿರುಗಲಾರದು,
ತಗಡಿಗೆ ಬಡಿದು ಜಾರಿ ತಳ ಸೇರುತ್ತೆ.
ಸಣ್ಣದು ಹಾಗಲ್ಲ.
ಮಂಜಿನ ಜಾತಿ. ಗಾಳಿಯ ಸೆರಗು ಹಿಡಿದು
ಪ್ರತಿ ತಿರುವಲ್ಲೂ ನಯವಾಗಿ ತಿರುಗಿ ಪಾರು.
ಪಾತ್ರೆ ತಿಕ್ಕೋ ಉಕ್ಕಿನ ನಾರು ತುರುಕಿದೆ. ಅರ್ಧ ನಿಂತಿತು.
ಮೂರನೇ ದಿನ ಲಡಿಯ ಮೇಲೆ ಮತ್ತೆ ಚುಕ್ಕೆ,
ಈ ಸಲ ಗಸಗಸೆಯಷ್ಟು.

ಖಮರುನ್ನೀಸಮ್ಮ ಏನೂ ಅನ್ನಲಿಲ್ಲ.
ಬೇಸಿನ್ನಿನ ಬುಡದಿಂದ ಒಂದು ಹಿಡಿ ವೇಸ್ಟು ಎತ್ತಿ
(ಗೂಡಿನ ಮೇಲ್ಮೈ ಎಳೆ, ತುದಿ ಸಿಗದ ಸಿಕ್ಕು)
ಹಿಂಡಿ, ಬಿಸಿಲಿಗೆ ಹರವಿ,
ಸಂಜೆ ನನ್ನ ಕೈಗಿಟ್ಟರು.
"ಇದಕ್ಕಿಂತ ಸಣ್ಣ ನಾರು ಇದ್ದರೆ ಹೇಳು."

ಗಟ್ಟಿಯಾಗಿ ಗಿಡಿದದ್ದು ನನ್ನ ತಪ್ಪು. ದುರಾಸೆ.
ಹತ್ತೇ ನಿಮಿಷಕ್ಕೆ ಡಿಪ್‌ಸ್ಟಿಕ್ಕು ಟಪ್ಪನೆ ಹಾರಿ
ಮಕ್ಬೂಲನ ಟೀ ಲೋಟಕ್ಕೇ ಬಿತ್ತು.
ಬಿಚ್ಚಿದೆ. ಅರ್ಧ ತೆಗೆದೆ. ಉಳಿದದ್ದನ್ನು
ಹತ್ತಿ ಹಿಂಜುವ ಹಾಗೆ ಬಿಡಿಸಿ ಬಿಡಿಸಿ ಇಟ್ಟೆ.
ಒಂದು ಎಳೆಗೆ ಒಂದು ಕಾಣದ ಹನಿ ಅಂಟಿ,
ಅದಕ್ಕೆ ಇನ್ನೊಂದು ಬಂದು ಕೂಡಿ,
ಜಾರುವಷ್ಟು ಭಾರವಾಗಿ ಜಾರಿರಬೇಕು.
ಕಂಡವರಿಲ್ಲ, ಡಬ್ಬಿ ಮುಚ್ಚಿದೆ.
ಕಿವಿಗೊಟ್ಟೆ. ಆ ಗಲಾಟೆಯಲ್ಲಿ
ಹನಿ ಬಿದ್ದದ್ದು ಕೇಳಿತು ಅಂದರೆ ಸುಳ್ಳಾದೀತು.

ಬುಧವಾರ ತಳದ ನಲ್ಲಿ ತಿರುಗಿಸಿದೆ:
ಅರ್ಧ ಲೋಟ, ಆಲೆಮನೆ ಪಾಕದ ಬಣ್ಣ,
ಅಂಚಿಗೆ ತೆಳ್ಳಗೆ ಹಾಲುನೊರೆ.
ಖಮರುನ್ನೀಸಮ್ಮ ಡಬ್ಬಿಯ ಹೊರಬಾಯಿಗೆ
ತಮ್ಮ ಬಿಳಿ ದುಪಟ್ಟದ ಅಂಚು ಹಿಡಿದರು,
ನೂರು ಎಣಿಸುವಷ್ಟು ಹೊತ್ತು.
ಬಟ್ಟೆ ಬೆಚ್ಚಗಾಗಿತ್ತು. ಬಿಳಿಯೇ ಇತ್ತು.
ಆಮೇಲೆ ಅಲ್ಲಿಂದ ಏರ್ ಫಿಲ್ಟರಿಗೆ ರಬ್ಬರ್ ಕೊಳವೆ ಕೊಟ್ಟೆ,
ಬಿಟ್ಟ ಉಸಿರನ್ನು ತಾನೇ ಎಳೆದುಕೊಳ್ಳಲಿ ಅಂತ.

ಅವರು ನಕ್ಕರು. ನಗು ಕೆಮ್ಮಾಯಿತು.
ಇಪ್ಪತ್ತಾರು ವರ್ಷ ಬೆಂದ ಹುಳದ ಹಬೆ ಕುಡಿದ ಎದೆ.
"ನನಗೂ ಒಂದು ಇಂಥ ಡಬ್ಬಿ ಕಟ್ಟು, ಗಂಗುಲಪ್ಪಾ."

ಸ್ಪ್ಯಾನರ್ ಒರೆಸಿದ್ದನ್ನೇ ಒರೆಸಿದೆ.
ಚೀಟಿಯಲ್ಲಿ ಬರೆದೆ: ಬೆಸುಗೆ, ನೂರೈವತ್ತು.
ನಳಿಕೆ, ಎಂಬತ್ತು. ಡಬ್ಬಿಗೆ ಏನಿಲ್ಲ.
ನಾರು, ಅವರದೇ.
ಹಬೆ ಏಳುವ ಕಡೆ ಸೂರಿನ ಶೀಟು ಒಂದು ಎತ್ತಿಸಿ ಅಂತ
ಹೇಳಲು ಬಾಯಿ ತೆರೆದೆ.
ಅಷ್ಟರಲ್ಲಿ ಕರೆಂಟು ಬಂತು.
ಮಕ್ಬೂಲ್ ಓಡಿಹೋಗಿ ಜನರೇಟರ್ ಆರಿಸಿದ.
ಆ ಸದ್ದಿಲ್ಲದ ಗಳಿಗೆಯಲ್ಲಿ
ಅವರು ಉಸಿರೆಳೆದಾಗೆಲ್ಲ ಒಂದು ಸಣ್ಣ ಸಿಳ್ಳು,
ಅದು ಮಾತ್ರ ಚೆನ್ನಾಗಿ ಕೇಳಿತು.