ನೀರು ಕೇಳದ ಬ್ಯಾಟರಿ

ಮೊದಲು ಮೈನಸ್ ಬಿಚ್ಚು, ಅಂದರು.
ಪ್ಲಸ್ಸಿಗೆ ಕೈ ಹಾಕೋದು ಆಮೇಲೆ.
ಆಂಡರ್ಸನ್‌ಪೇಟೆಯ ಶೆಡ್ಡಿನಲ್ಲಿ
ಟ್ರೇಲರಿನ ಹಾಸಿಗೆ ಹಲಗೆ ಎತ್ತಿ ನಾನು ಮೊಣಕಾಲೂರಿದ್ದೆ.
ಸವರಿಮುತ್ತು ತಾತ ಬಕೆಟ್ಟು ಮಗುಚಿ ಕೂತು
ಹದಿಮೂರರ ಸ್ಪ್ಯಾನರು ಹುಡುಕುತ್ತಿದ್ದರು,
ಅದು ಅವರ ಜೇಬಿನಲ್ಲೇ ಇತ್ತು.

ನಾನೂ ಚಂದ್ರಕಲಾ ಟೀಚರೂ ಪಾಲು ಹಾಕಿ ಕೊಂಡ ಟ್ರೇಲರು.
ಮನೆ ಇದ್ದೂ ಯಾಕಮ್ಮ ಡಬ್ಬದಲ್ಲಿ ಮಲಗ್ತೀರಿ
ಎಂದು ಕೇಳದವರು ನಮ್ಮ ಬೀದಿಯಲ್ಲಿ ಇವರೊಬ್ಬರೇ.

ಹಳೆಯವು ಎರಡು, ಒಂದೊಂದೂ ಒಂದು ಮೂಟೆ ಸಿಮೆಂಟು.
ಟರ್ಮಿನಲ್ ಮೇಲೆ ಬೂಷ್ಟು ಹಿಡಿದ ಉಪ್ಪಿನಕಾಯಿಯ ಹಾಗೆ
ಹಸಿರು ಬಿಳಿ ಪುಡಿ.
ಹೋದ ಬೇಸಿಗೆ, ಅವಲಬೆಟ್ಟದ ಬುಡದಲ್ಲಿ,
ರಾತ್ರಿ ಒಂದಕ್ಕೆ ಫ್ಯಾನು ಒಂದು ಸುತ್ತು ತಿರುಗಿ, ಯೋಚಿಸಿ, ನಿಂತಿತು.
ಹಾಲು ಒಡೆಯಿತು. ಟೀಚರು ಮಾತು ಬಿಟ್ಟರು, ಬೆಳಗಿನ ತನಕ.

ಹೊಸದನ್ನು ಒಂದೇ ಕೈಲಿ ಎತ್ತಿ ಮುಂದಿಟ್ಟೆ.
ತಾತ ತಿರುಗಿಸಿ ತಿರುಗಿಸಿ ನೋಡಿದರು.
ಮುಚ್ಚಳ ಎಲ್ಲಿ?
ಇಲ್ಲ ತಾತ, ಇದು ಲಿಥಿಯಂ.
ನೀರು?
ಕೇಳಲ್ಲ.
ಮೂಗು ಹತ್ತಿರ ತಂದರು. ವಾಸನೆಯೂ ಇಲ್ಲ.
ಹಂಗಾದರೆ ಬದುಕಿದೆ ಅಂತ ಹೆಂಗಮ್ಮಾ ಗೊತ್ತಾಗೋದು?

ಒಳಗೊಂದು ಸಣ್ಣ ಬೋರ್ಡಿದೆ, ಅಂದೆ,
ಒಂದೊಂದು ಸೆಲ್ಲಿನ ಲೆಕ್ಕವೂ ಅದರ ಹತ್ತಿರ.
ಜಾಸ್ತಿ ತುಂಬಿದರೆ ಬಾಗಿಲು ಹಾಕುತ್ತೆ,
ತೀರಾ ಇಳಿದರೂ ಹಾಕುತ್ತೆ.
ಓ, ಅಂದರು. ಒಳಗೇ ಒಬ್ಬ ಸವರಿಮುತ್ತು ಕೂತಿದಾನೆ ಅನ್ನು.

ಮೂವತ್ತೊಂದು ವರ್ಷ ಲ್ಯಾಂಪ್ ರೂಮು.
ಇಳಿಯುವವನು ಹಿತ್ತಾಳೆ ಬಿಲ್ಲೆ ಕೊಡಬೇಕು,
ಚಾರ್ಜಾದ ದೀಪ ತಗೋಬೇಕು.
ಬಿಲ್ಲೆ ದೀಪದ ಕೊಕ್ಕೆಯಲ್ಲಿ ತೂಗುತ್ತೆ.
ಶಿಫ್ಟು ಮುಗಿದು ದೀಪ ಬಂತು, ಬಿಲ್ಲೆ ಹೋಯಿತು, ಸರಿ.
ಬಿಲ್ಲೆ ತೂಗುತ್ತಲೇ ಇದ್ದರೆ
ಆ ಮನುಷ್ಯ ಇನ್ನೂ ಕೆಳಗೆ.

ನಾನು ದಪ್ಪ ತಾಮ್ರದ ವೈರಿಗೆ ಲಗ್ಗು ಒತ್ತುತ್ತಿದ್ದೆ.
ಎಳೆದು ನೋಡು, ಅಂದರು. ಎಳೆದೆ. ಇನ್ನೂ ಜೋರಾಗಿ. ಕಳಚಿತು.
ನೋಡಿದೆಯಾ.
ಮತ್ತೆ ಒತ್ತಿದೆ.

ನಾನೂರ ಹದಿನೇಳು, ಅಂದರು, ಯಾರೂ ಕೇಳದೆ.
ಎರಡು ದಿವಸ ತೂಗಿತು.
ಮೂರನೇ ದಿವಸ ದೀಪ ಬಂತು, ಗಾಜು ಒಡೆದಿರಲಿಲ್ಲ.
ಒರೆಸಿ ಚಾರ್ಜಿಗೆ ಹಾಕಿದೆ.
ಬಿಲ್ಲೆ ಕೇಳೋಕೆ ಯಾರೂ ಬರಲಿಲ್ಲ.

ಫ್ಯೂಸು ಪ್ಲಸ್ಸಿನಿಂದ ಒಂದು ಗೇಣಿನೊಳಗೆ.
ಹಳೆಯ ಚಾರ್ಜರು ಪಕ್ಕಕ್ಕೆ, ಅದು ಸೀಸದ ಭಾಷೆ ಮಾತ್ರ ಬಲ್ಲದ್ದು.
ಸೋಲಾರ್ ಕಂಟ್ರೋಲರಿಗೆ ಹೊಸ ಸೆಟ್ಟಿಂಗು.
ಕೊನೆಗೆ ಮೈನಸ್.
ಬಾಗಿಲ ಪಕ್ಕದ ಪುಟ್ಟ ಪರದೆ ಕಣ್ಣು ಬಿಟ್ಟು
ತೊಂಬತ್ತೆಂಟು ಎಂದಿತು.
ತಾತ ಕನ್ನಡಕ ಹಣೆಗೇರಿಸಿ ಓದಿ,
ನಮ್ಮಲ್ಲಿ ಮುಖ ನೋಡಿ ಹೇಳುತ್ತಿದ್ದೆವು, ಅಂದರು.
ದೀಪದ್ದೋ ಮನುಷ್ಯರದ್ದೋ, ನಾನು ಕೇಳಲಿಲ್ಲ.

ಗುಜರಿಯವನು ಹಳೆಯವನ್ನು ಕಿಲೋ ಲೆಕ್ಕದಲ್ಲಿ ತೂಗಿಸಿಕೊಂಡು ಹೋದ.
ತಾತ ಬಾಗಿಲ ಚೌಕಟ್ಟಿಗೆ ಎರಡು ಮೊಳೆ ಹೊಡೆದರು.
ಒಂದರಲ್ಲಿ ಟೀಚರ ಮನೆ ಕೀಲಿ, ಒಂದರಲ್ಲಿ ನನ್ನದು.
ರಾತ್ರಿ ಟಾರ್ಚು ಹಿಡಿದು ಹೊರಗೆ ಹೋಗೋರು ತಮ್ಮದು ತಗೊಂಡು ಹೋಗಿ, ಬಂದು ತಗಲಿಸಿ.
ನಕ್ಕೆವು. ಅವರು ನಗಲಿಲ್ಲ.

ಬೇತಮಂಗಲದ ಕೆರೆ ಏರಿ. ಮೊದಲ ರಾತ್ರಿ.
ಫ್ಯಾನು, ಪುಟ್ಟ ಫ್ರಿಜ್ಜು, ಟೀಚರು ಓದುವ ದೀಪ,
ಎಲ್ಲವೂ ಒಟ್ಟಿಗೆ, ಯಾವುದಕ್ಕೂ ಯಾವುದೂ ಕಾಯದೆ.
ಮೂರು ಗಂಟೆಗೆ ಎದ್ದು ಹೊರಟವಳು
ಕೀಲಿ ಮರೆತೆ. ವಾಪಸು ಬಂದು ತಗೊಂಡು ಹೋದೆ.
ಕೆರೆಯ ಮೇಲೆ ಯಾವುದೋ ಹಕ್ಕಿ ಒಂದು ಸಲ ಕೂಗಿ ಸುಮ್ಮನಾಯಿತು.

ಬೆಳಿಗ್ಗೆ ಆರಕ್ಕೆ ಫೋನು.
ಎಷ್ಟು?
ಅರವತ್ತೊಂಬತ್ತು, ತಾತ.
ಅದಲ್ಲಮ್ಮಾ.
ಮೊಳೆ ನೋಡಿದೆ.
ಎರಡು, ಅಂದೆ.
ಸರಿ, ಅಂದರು. ಬಿಸಿಲು ಬರೋ ಮುಂಚೆ ಪ್ಯಾನೆಲ್ ಒರೆಸಿ,
ಸೈನೈಡು ದಿಬ್ಬದ ಧೂಳು ಅಲ್ಲಿ ತನಕ ಬಂದಿರುತ್ತೆ.